ನಾಲ್ಕು ಕಾಲುವೆಯ ನಡುವಿನ ದಾಳಿಂಬೆ

ರುಕ್ಸಾನಾ, ನೀನು ತೋಟಗಾರಿಕೆಯ ಡಿಪ್ಲೊಮಾಕ್ಕೆ ಹೆಸರು ಹಚ್ಚಿ ಬಂದ ದಿನ ನಿನ್ನ ತಮ್ಮ ನನ್ನನ್ನು ಕೇಳಿದ, "ನಾನಿ, ಗಿಡ ಹಚ್ಚೂದಕ್ಕೂ ಸಾಲಿ ಇರ್ತೈತೇನು?" ನಾನು ನಕ್ಕು ಸುಮ್ಮನಾದೆ. ನನಗೆ ಮಾತು ಕಡಿಮೆ ಎಂಬುದು ನಿಮಗೆ ಗೊತ್ತು. ಬಾಯಿಂದ ಹೇಳಲಾಗದ್ದನ್ನು ಬರೆದಾದರೂ ಇಡೋಣ ಎಂದು ಕೂತಿದ್ದೇನೆ. ಮನೆಯಲ್ಲಿ ನಾವಾಡುವ ಮಾತು ಬೇರೆ. ಆದರೆ ನನಗೆ ಬರೆಯಲು ಬರುವುದು ಯಲಬುರ್ಗಾ ಸೀಮೆಯ ನಮ್ಮೂರ ಸಾಲಿಯಲ್ಲಿ ಕಲಿತ ಕನ್ನಡ ಒಂದೇ. ಏಳನೆಯ ತರಗತಿಗೆ ಸಾಲಿ ಮುಗಿಯಿತು. ಮುಂದಿನದೆಲ್ಲ ಮಣ್ಣಿನಲ್ಲಿ ಕೂತು ಕಲಿತದ್ದು.

ನಿಮ್ಮ ನಾನಾ ತೀರಿಕೊಂಡ ಮೇಲೆ ಕೊಪ್ಪಳದಿಂದ ಗಂಗಾವತಿಗೆ ಹೋಗುವ ರಸ್ತೆಯ ಬದಿಯ ಒಂದು ಸಸಿ ತೋಟದಲ್ಲಿ ಕೆಲಸಕ್ಕೆ ಸೇರಿದೆ. ಕರಿ ಪ್ಲಾಸ್ಟಿಕ್ ಚೀಲಕ್ಕೆ ಕೆಂಪು ಮಣ್ಣು, ಮರಳು, ಗೊಬ್ಬರ ಕಲಸಿ ತುಂಬುವ ಕೆಲಸ. ಆ ತೋಟದವರು ಸಸಿ ಮಾರುವುದಷ್ಟೇ ಅಲ್ಲ, ಮನೆ, ಆಸ್ಪತ್ರೆ, ಕಲ್ಯಾಣ ಮಂಟಪಗಳಿಗೆ ಉದ್ಯಾನ ಮಾಡಿಕೊಡುತ್ತಿದ್ದರು. ಅದರ ನಕ್ಷೆ ಬರೆಯುವವರು ವಿಜಯಾ ಮೇಡಂ. ಧಾರವಾಡದಲ್ಲಿ ಓದಿ ಬಂದವರು. ಕಾಗದದ ಮೇಲಿನ ನಕ್ಷೆಯನ್ನು ನೆಲದ ಮೇಲೆ ಬೂದಿಯಿಂದ ಗೆರೆ ಎಳೆದು ತೋರಿಸಬೇಕು, ಆಮೇಲೆ ಅಗೆಯುವುದು. ಒಂದು ದಿನ ಗೆರೆ ಎಳೆಯುವ ಆಳು ಬಂದಿರಲಿಲ್ಲ. ಉಳಿದವರ ಗೆರೆ ಎತ್ತಿನ ಉಚ್ಚೆಯಂತೆ ಸೊಟ್ಟಗೆ ಹೋಗುತ್ತಿತ್ತು. ನಾನು ಸುಮ್ಮನೆ ಹೋಗಿ ಮುಷ್ಟಿಯಲ್ಲಿ ಬೂದಿ ಹಿಡಿದು ಕುಕ್ಕರಗಾಲಲ್ಲಿ ಹಿಂದೆ ಹಿಂದೆ ಸರಿಯುತ್ತ ಒಂದು ಬಾಗು ಎಳೆದೆ. ಮೇಡಂ ನೋಡುತ್ತ ನಿಂತರು. ಯಾರು ಕಲಿಸಿದರು ಎಂದು ಕೇಳಿದರು. ನಾನು ಕೈಯ ಬೂದಿಯನ್ನು ಸೆರಗಿಗೆ ಒರೆಸಿಕೊಂಡೆ. ಹಿರಿಯ ಮಾಲಿ ಮಲ್ಲಪ್ಪ ನನ್ನ ಬದಲು ಉತ್ತರ ಕೊಟ್ಟ, "ರಾಜಮಾ ಮಾತಾಡಂಗಿಲ್ರಿ ಮೇಡಂ. ಏನಿದ್ರೂ ಕೈಲೆ ಹೇಳ್ತಾಳ." ಮರುದಿನದಿಂದ ನಾನು ಮೇಡಂ ಜೊತೆ.

ಮೊದಲ ವರ್ಷದ ಒಂದು ತಪ್ಪು ನಿನಗೆ ಉಪಯೋಗಕ್ಕೆ ಬರಬಹುದು. ಒಂದು ಕಲ್ಯಾಣ ಮಂಟಪದ ಮುಂದೆ ಹುಲ್ಲುಹಾಸಿನ ನಡುವೆ ಹಾವಿನಂತೆ ಬಳುಕುವ ಕಾಲುದಾರಿ ಮಾಡಿದೆವು. ಮೇಡಂ ಬರೆದದ್ದು, ನಾನು ಎಳೆದದ್ದು, ನೋಡಿದವರೆಲ್ಲ ಹೊಗಳಿದ್ದು. ಎರಡು ಮದುವೆ ಮುಗಿಯುವಷ್ಟರಲ್ಲಿ ಜನ ನೇರವಾಗಿ ಹುಲ್ಲು ತುಳಿದು ತಮ್ಮದೇ ದಾರಿ ಮಾಡಿಕೊಂಡಿದ್ದರು. ಮೇಡಂ ಯಾರನ್ನೂ ಬೈಯಲಿಲ್ಲ. ತುಳಿದ ದಾರಿಯ ಮೇಲೇ ಕಲ್ಲು ಹಾಸಿಸಿ, ನಾವು ಮಾಡಿದ ದಾರಿಗೆ ಹುಲ್ಲು ಹಚ್ಚಿಸಿದರು. ಅಲ್ಲಿಂದ ಮುಂದೆ ಯಾವ ಜಾಗಕ್ಕೆ ಹೋದರೂ ಮೊದಲ ದಿನ ನಾವು ಏನೂ ಮಾಡುತ್ತಿರಲಿಲ್ಲ. ಜನ ಎಲ್ಲಿ ನಡೆಯುತ್ತಾರೆ, ನೆರಳು ಎಲ್ಲಿಗೆ ಬರುತ್ತದೆ, ನಾಯಿ ಎಲ್ಲಿ ಮಲಗುತ್ತದೆ ಎಂದು ನೋಡುತ್ತ ಕೂರುತ್ತಿದ್ದೆವು. ನೀನೂ ಕೂರು. ಈಗ ಮೊಬೈಲಿನಲ್ಲೇ ನಕ್ಷೆ ಬರುತ್ತದೆ, ಮಟ್ಟ ನೋಡಲು ಕೆಂಪು ಬೆಳಕಿನ ಯಂತ್ರ ಬಂದಿದೆ. ನಾವು ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ, ಎರಡು ತುದಿ ಇಬ್ಬರು ಹಿಡಿದು ಮಟ್ಟ ನೋಡುತ್ತಿದ್ದೆವು. ಯಂತ್ರ ಛಲೋ. ಆದರೆ ನಾಯಿ ಎಲ್ಲಿ ಮಲಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ.

ಈಗ ಸ್ವರ್ಗದ ತೋಟದ ವಿಷಯ.

ಒಂದು ವರ್ಷ ಕೊಪ್ಪಳದ ಫಲಪುಷ್ಪ ಪ್ರದರ್ಶನದಲ್ಲಿ ಒಂದು ಮಾದರಿ ಉದ್ಯಾನ ಮಾಡಿ ತೋರಿಸುವ ಅವಕಾಶ ನಮ್ಮ ತೋಟಕ್ಕೆ ಬಂತು. ಮಾಲಕರು "ಭೂಮಿ ಮ್ಯಾಲಿನ ಸ್ವರ್ಗ" ಎಂದು ಹೆಸರೂ ಕೊಟ್ಟುಬಿಟ್ಟರು. ಮೇಡಂಗೆ ಒಂದು ವಾರ ನಿದ್ದೆ ಇಲ್ಲ. ಎಲ್ಲರೂ ಮಾಡುವಂತೆ ಹೂವಿನ ಆನೆ, ಹೂವಿನ ನವಿಲು ಮಾಡಲು ಅವರಿಗೆ ಮನಸ್ಸಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮೆಲ್ಲರನ್ನೂ ಕೇಳಿದರು, ಸ್ವರ್ಗ ಅಂದರೆ ನಿಮಗೆ ಏನು ಕಾಣುತ್ತದೆ ಎಂದು. ಚೀಲ ತುಂಬುವ ಹೆಂಗಸರು, ಯಾರೋ ಮಾಡಿ ಹಾಕಿದ್ದನ್ನು ಕೂತು ಉಣ್ಣುವುದು ಎಂದರು. ಮಲ್ಲಪ್ಪ ಕುಷ್ಟಗಿ ಕಡೆಯವನು, ದಾಳಿಂಬೆ ತೋಟ ಮಾಡಿದವನು. ಅವನೆಂದ, "ಹಗಲೊತ್ತಿನಾಗ ಪಂಪಿಗೆ ಕರೆಂಟ್ ಕೊಡೋ ಊರು ಎಲ್ಲರೆ ಇದ್ರ, ಅದರಿ."

ಎಲ್ಲರೂ ಎದ್ದ ಮೇಲೆ ನಳದ ಹತ್ತಿರ ಕೈ ತೊಳೆಯುವಾಗ ಮೇಡಂ ಒಬ್ಬರೇ ಇದ್ದರು. ಆಗ ನಾನು ನನ್ನದನ್ನು ಹೇಳಿದೆ. ಚಿಕ್ಕವಳಿದ್ದಾಗ ನಮ್ಮ ಅಬ್ಬಾ ಜನ್ನತ್ತಿನ ಮಾತು ಹೇಳುತ್ತಿದ್ದರು. ಅಲ್ಲಿ ತೋಟಗಳ ಕೆಳಗೆ ನೀರು ಹರಿಯುತ್ತದೆ, ನಾಲ್ಕು ಹೊಳೆ, ದಾಳಿಂಬೆ ಗಿಡ ಇರುತ್ತದೆ ಎಂದು. ನಮ್ಮೂರಲ್ಲಿ ಹರಿಯುವ ನೀರು ಎಂದರೆ ಮಳೆ ಬಂದ ದಿನದ ಹಳ್ಳ ಮಾತ್ರ. ಅದೇ ಕಾಲಕ್ಕೆ ಗಂಗಾವತಿಗೆ ಭತ್ತ ಕೊಯ್ಯಲು ಹೋಗಿ ಬಂದ ಹೆಂಗಸರು, ಅಲ್ಲಿ ಹೊಲದ ಮಗ್ಗುಲಲ್ಲೇ ವರ್ಷವೆಲ್ಲ ನೀರು ಹರಿಯುತ್ತದೆ ಎನ್ನುತ್ತಿದ್ದರು. ನಾನು ಎರಡನ್ನೂ ಕೂಡಿಸಿ, ಜನ್ನತ್ ಅಂದರೆ ಗಂಗಾವತಿ ಎಂದು ಬಹಳ ದಿನ ನಂಬಿದ್ದೆ. ಮದುವೆಯಾಗಿ ಬಸ್ಸಿನಲ್ಲಿ ಈ ಕಡೆ ಬರುವಾಗ ಮೊದಲ ಸಲ ಕಾಲುವೆ ಕಂಡಿತು. ಅದರಾಚೆ ಹಸಿರು. ಹಸಿರು ಅಷ್ಟು ಉದ್ದ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬಸ್ಸು ಓಡುತ್ತಿತ್ತು, ಹಸಿರು ಮುಗಿಯುತ್ತಿರಲಿಲ್ಲ. ನಿಮ್ಮ ನಾನಾ ಪಕ್ಕದಲ್ಲಿ ಕೂತು, ಯಾಕೆ ಅಳುತ್ತೀ, ತವರಿನ ನೆನಪೇ ಎಂದು ಕೇಳಿದರು. ಅಲ್ಲ ಎಂದು ಹೇಳಲು ನನಗೆ ಮಾತು ಬರಲಿಲ್ಲ.

ಮೇಡಂ ನಳ ನಿಲ್ಲಿಸುವುದನ್ನು ಮರೆತು ಕೇಳಿಸಿಕೊಂಡರು. ಆಮೇಲೆ ನನ್ನ ಕೈಗೆ ಬೂದಿ ಬುಟ್ಟಿ ಕೊಟ್ಟು, "ಎಳಿ ರಾಜಮಾ" ಎಂದರು.

ಹಾಗೆ ಹುಟ್ಟಿತು ನಕ್ಷೆ. ಚೌಕದ ನಡುವಿನಿಂದ ನಾಲ್ಕು ದಿಕ್ಕಿಗೆ ನಾಲ್ಕು ಸಣ್ಣ ಕಾಲುವೆ. ನಾಲ್ಕು ಪಾಲು, ನಮ್ಮ ಜಿಲ್ಲೆಯ ನಾಲ್ಕು ತಾಲ್ಲೂಕು. ಈಗ ತಾಲ್ಲೂಕು ಹೆಚ್ಚಾಗಿವೆ, ನಮ್ಮ ಮನಸ್ಸಿನಲ್ಲಿದ್ದದ್ದು ಹಳೆಯ ನಾಲ್ಕು. ಗಂಗಾವತಿಯ ಪಾಲಿಗೆ ತೆನೆ ಬಿಟ್ಟ ಭತ್ತ. ಯಲಬುರ್ಗಾದ ಪಾಲಿಗೆ ಬಿಳಿಜೋಳ, ಅಂಚಿಗೆ ಹೂಬಿಟ್ಟ ಕುಸುಬೆ. ಕುಷ್ಟಗಿಗೆ ಹಣ್ಣಿನ ಗಿಡ. ಕೊಪ್ಪಳಕ್ಕೆ ಸೇವಂತಿ, ಸುಗಂಧರಾಜ, ಅವುಗಳ ನಡುವೆ ಕಿನ್ನಾಳದವರು ಬಣ್ಣ ಹಚ್ಚಿ ಕೊಟ್ಟ ಮರದ ಗಿಳಿಗಳು. ನಾಲ್ಕು ಕಾಲುವೆ ಕೂಡುವ ನಡುಗಡ್ಡೆಯಲ್ಲಿ ಒಂದೇ ಒಂದು ಹಳೆಯ ದಾಳಿಂಬೆ ಗಿಡ, ಮೈತುಂಬ ಕೆಂಪು ಹೂ.

ಆ ಗಿಡ ಸಿಕ್ಕದ್ದು ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಯಲ್ಲಿ. ರಸ್ತೆ ಅಗಲ ಮಾಡುವ ಕೆಲಸದಲ್ಲಿ ಗಂಗವ್ವ ಎಂಬ ಮುದುಕಿಯ ಮನೆಯ ಅಂಗಳ ಹೋಗುವುದಿತ್ತು. ಅಂಗಳದಲ್ಲಿ ತೊಡೆ ದಪ್ಪದ ದಾಳಿಂಬೆ. ಹೇಗಿದ್ದರೂ ಕಡಿಯುವ ಗಿಡ, ನಮಗೆ ಕೊಡಿ ಎಂದು ಕೇಳಲು ಹೋದೆವು. ಗಂಗವ್ವ ಕಟ್ಟೆಯಿಂದ ಏಳದೆ ಎಲ್ಲ ಕೇಳಿದಳು. ಆಕೆಯ ಮಕ್ಕಳೆಲ್ಲ ಹುಟ್ಟಿದ್ದು ಆ ಮನೆಯಲ್ಲಿ. ಪ್ರತಿ ಬಾಣಂತನದಲ್ಲೂ ಎರೆದ ನೀರು ಹರಿದು ಹೋದದ್ದು ಆ ಗಿಡದ ಬುಡಕ್ಕೆ. ಹಿತ್ತಲಲ್ಲಿ ಜಾಗ ಇದೆ, ಅಲ್ಲಿಗೆ ಸರಿಸಿ ಹಚ್ಚುವವರು ಯಾರೂ ಸಿಕ್ಕಿಲ್ಲ ಎಂದಳು.

"ಒಯ್ರಿ. ನಿಮ್ಮ ಮಂದಿಗೆಲ್ಲ ತೋರ್ಸ್ರಿ. ಆದ್ರ ಜೀವಂತ ತಂದು ನನ್ನ ಹಿತ್ತಲದಾಗ ಹಚ್ಚಬೇಕು. ಹಚ್ತೀರೇನು?"

ಹಚ್ಚುತ್ತೇವೆ ಎಂದು ಮಾಲಕರು ಹೇಳಿದರು, ಮೇಡಂ ಹೇಳಿದರು, ಮಲ್ಲಪ್ಪ ಎರಡು ಸಲ ಹೇಳಿದ. ಗಂಗವ್ವ ಅವರನ್ನೆಲ್ಲ ಬಿಟ್ಟು ನನ್ನ ಕಡೆ ಕೈ ತೋರಿಸಿದಳು. "ಆ ಸುಮ್ನ ನಿಂತಾಕಿ ಹೇಳ್ಲಿ."

ಎಲ್ಲರೂ ನನ್ನನ್ನು ನೋಡಿದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ತರ್ತೀವಿ, ಅವ್ವಾ" ಎಂದೆ. ಅಷ್ಟೇ. ಆದರೆ ಹೇಳಿದ ಮೇಲೆ ಆ ಗಿಡದ ಜೀವ ನನ್ನ ಕೊರಳಿಗೆ ಕಟ್ಟಿದಂತಾಯಿತು.

ದೊಡ್ಡ ಗಿಡವನ್ನು ಒಮ್ಮೆಲೇ ಕೀಳಬಾರದು. ಸುತ್ತ ಅರ್ಧ ಕಂದಕ ತೋಡಿ, ಬೇರು ಕತ್ತರಿಸಿ, ಹೊಸ ಬೇರು ಬರಲು ಬಿಟ್ಟು, ಆಮೇಲೆ ಉಳಿದರ್ಧ ತೋಡಬೇಕು. ದೀಪಾವಳಿ ಕಳೆದ ಮೇಲೆ ಗೋಣಿತಟ್ಟು ಸುತ್ತಿ, ಬುಡದ ಮಣ್ಣಿನ ಹೆಂಟೆಯ ಸಮೇತ ಎತ್ತಿದೆವು. ಟ್ರ್ಯಾಕ್ಟರಿನಲ್ಲಿ ಗಿಡ ಮಲಗಿಸಿ ಹೊರಟಾಗ ಅದರ ತುದಿ ಕೊಂಬೆ ಗಾಳಿಗೆ ಅಲ್ಲಾಡುತ್ತಿತ್ತು. ದಾರಿಯುದ್ದಕ್ಕೂ ನಾನು ಅದರ ಬುಡದ ಮೇಲೆ ಕೈ ಇಟ್ಟು ಕೂತಿದ್ದೆ, ದವಾಖಾನೆಗೆ ಒಯ್ಯುವವರ ಹಾಗೆ.

ಪ್ರದರ್ಶನದ ಬಯಲಿನಲ್ಲಿ ಅದನ್ನು ನಟ್ಟು, ಕೊಂಬೆ ಸವರಿದ ಮೇಲೆ ಮಲ್ಲಪ್ಪ ತನ್ನ ಊರಿನ ಪದ್ಧತಿ ಹೇಳಿದ. ಕುಷ್ಟಗಿಯವರು ದಾಳಿಂಬೆಗೆ ಕೆಲವು ವಾರ ನೀರು ಬಿಡುವುದಿಲ್ಲ. ಗಿಡ ಬಾಯಾರಿ ಎಲೆ ಉದುರಿಸುತ್ತದೆ. ಬರೀ ಕಡ್ಡಿಯಾಗುತ್ತದೆ. ಆಗ ನೀರು ಬಿಟ್ಟರೆ ಮೈಯೆಲ್ಲ ಹೂವಾಗಿ ಒಡೆಯುತ್ತದೆ. ಸರಿಯಾಗಿ ಲೆಕ್ಕ ಹಾಕಿದರೆ ಪ್ರದರ್ಶನದ ದಿನಕ್ಕೆ ಹೂ. ಮೇಡಂ ಹಿಂದೆಮುಂದೆ ನೋಡಿದರು. ಬೇರು ಕತ್ತರಿಸಿ ತಂದ ಗಿಡ, ತಡೆದೀತೇ ಎಂದು. ಎಲೆ ಕಡಿಮೆಯಾದರೆ ಬೇರಿಗೂ ಭಾರ ಕಡಿಮೆ ಎಂದ ಮಲ್ಲಪ್ಪ. ಅದೂ ನಿಜವೇ. ಕಡೆಗೆ ಮಿತವಾಗಿ ಬಾಯಾರಿಸುವುದು ಎಂದಾಯಿತು. ನೀರು ಹಾಕಬಾರದು ಎಂದು ಬರೆದ ಹಲಗೆಯನ್ನು ಮೇಡಂ ಕೊಂಬೆಗೆ ಕಟ್ಟಿಸಿದರು.

ದಿನಗಳು ಹೋದವು. ಭತ್ತ ತೆನೆ ಬಿಟ್ಟಿತು, ಕುಸುಬೆ ಮೊಗ್ಗಾಯಿತು. ದಾಳಿಂಬೆ ಮಾತ್ರ ಹಸಿರಾಗಿಯೇ ನಿಂತಿತ್ತು. ಒಂದು ಎಲೆ ಉದುರಲಿಲ್ಲ. ಮಲ್ಲಪ್ಪ ದಿನಾ ಬಂದು ಸುತ್ತು ಹಾಕಿ ತಲೆ ಕೆರೆದುಕೊಳ್ಳುವನು. "ಇದು ಎಲ್ಲಿಂದ ಕುಡಿಯಾಕತ್ತೈತಿ? ಕೆಳಗ ಝರಿ ಐತೇನು?"

ಒಂದು ಬೆಳಿಗ್ಗೆ ಮೇಡಂ ಬುಡದ ಮಣ್ಣಿಗೆ ಕೈ ಹಾಕಿದರು. ಹಸಿ. ಎಲ್ಲರನ್ನೂ ಕರೆದು ನಿಲ್ಲಿಸಿ ಕೇಳಿದರು. ಒಬ್ಬೊಬ್ಬರಾಗಿ ಬಾಯಿ ಬಿಡತೊಡಗಿದರು. ಚೀಲ ತುಂಬುವ ಹೆಂಗಸರು ಬುತ್ತಿ ತೊಳೆದ ನೀರನ್ನು ಅಲ್ಲೇ ಚೆಲ್ಲುತ್ತಿದ್ದರು. ಕಲ್ಲು ಹಾಸುವವರು ಬಾಟಲಿಯಲ್ಲಿ ಉಳಿದದ್ದನ್ನು. ಟ್ರ್ಯಾಕ್ಟರ್ ಡ್ರೈವರ್ ಬಂದಾಗಲೆಲ್ಲ ಒಂದು ಚೊಂಬು. ಹಲಗೆ ಓದಲಿಲ್ಲವೇ ಎಂದು ಕೇಳಿದರೆ ಓದಿದೆವು ಎಂದರು. ಕಾವಲುಗಾರ ನೆಲ ನೋಡುತ್ತ ಹೇಳಿದ, "ಏನ್ ಮಾಡ್ಲಿರಿ ಮೇಡಂ. ನಾ ನೀರು ಕುಡ್ಯಾಕ ಕುಂತ್ರ ಅದು ನನ್ನ ಮಾರಿನ ನೋಡ್ತೈತಿ."

ಮೇಡಂ ಮಲ್ಲಪ್ಪನ ಕಡೆ ತಿರುಗಿದರು. ಅವನು ಟವೆಲ್ ತೆಗೆದು ಮುಖ ಒರೆಸಿಕೊಂಡ. ನಮ್ಮ ಹೊಲದ ಗಿಡವಾಗಿದ್ದರೆ ಕಲ್ಲು ಮನಸ್ಸು ಮಾಡುತ್ತಿದ್ದೆ, ಇದು ಪರರ ಮನೆಯಿಂದ ಬಂದದ್ದು, ನಿನ್ನೆ ಒಂದೇ ಒಂದು ಚೊಂಬು ಎಂದ. ಮೇಡಂ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನೀರಿಲ್ಲದ ಸೀಮೆಯ ಜನ ನಾವು. ಬಾಯಾರಿದ್ದು ಎದುರಿಗೆ ನಿಂತರೆ ಕೈ ತಾನಾಗಿ ಹೋಗುತ್ತದೆ. ಹಲಗೆ ಏನು ಮಾಡೀತು.

ನಗು ಬಹಳ ಹೊತ್ತು ಉಳಿಯಲಿಲ್ಲ. ಒಂದು ಕೊಂಬೆಯ ಎಲೆ ಹಳದಿಯಾಗಿ ಜೋಲುಬಿದ್ದಿತ್ತು. ಅದು ಬಾಯಾರಿಕೆಯ ಹಳದಿಯಲ್ಲ. ಗಂಗವ್ವನ ಅಂಗಳದ್ದು ಎರೆ ಮಣ್ಣು. ನೀರು ಹಿಡಿದರೆ ಬಿಡುವುದಿಲ್ಲ, ಅಂಟಿನಂತೆ ಮುಚ್ಚಿಕೊಳ್ಳುತ್ತದೆ. ಆ ಹೆಂಟೆಯೊಳಗೆ ಬೇರು ಉಸಿರು ಕಟ್ಟಿ ಕೊಳೆಯುತ್ತಿತ್ತು. ಉಳಿಸಬೇಕಾದರೆ ಗಿಡ ಎತ್ತಿ, ಮಣ್ಣೆಲ್ಲ ಬಿಡಿಸಿ, ಕೊಳೆತದ್ದನ್ನು ಕತ್ತರಿಸಿ, ಕೆಳಗೆ ಕಲ್ಲುಚೂರು ಹಾಕಿ, ನೀರು ನಿಲ್ಲದ ಗರಸು ಮಣ್ಣಿನಲ್ಲಿ ನಡಬೇಕು. ಬೇರು ಕಡಿಮೆಯಾದಷ್ಟೂ ಕೊಂಬೆ ಕಡಿಯಬೇಕು, ಎಲೆ ಪೂರ್ತಿ ತೆಗೆಯಬೇಕು. ಪ್ರದರ್ಶನಕ್ಕೆ ಉಳಿದದ್ದು ಒಂದು ವಾರ. ಸ್ವರ್ಗದ ನಟ್ಟನಡುವೆ ಬೋಳು ಗಿಡ.

ಮಾಲಕರು ಬಂದು ನೋಡಿದರು. ಕೆಟ್ಟ ಮನುಷ್ಯರಲ್ಲ. ಅವರ ಮಾತೂ ಸರಳವಾಗಿತ್ತು: ಕುಷ್ಟಗಿಯಿಂದ ಹೂಬಿಟ್ಟ ದಾಳಿಂಬೆ ತಂದು ಅಲ್ಲಿ ನಿಲ್ಲಿಸೋಣ, ಇದನ್ನು ಹಿಂದೆ ಶೆಡ್ಡಿನಲ್ಲಿ ಇಟ್ಟು ನೋಡೋಣ, ಬದುಕಿದರೆ ಬದುಕಲಿ. ಮೇಡಂಗೂ ಅದು ತಪ್ಪು ಅನ್ನಿಸಲಿಲ್ಲ. ಉದ್ಯಾನ ಅವರ ಹೆಸರಿನಲ್ಲಿತ್ತು, ಹೂವಿಲ್ಲದ ಗಿಡ ನೋಡಿ ನಗುವವರು ಅವರನ್ನೇ ನೋಡಿ ನಗುತ್ತಿದ್ದರು.

ಗಂಗವ್ವ ಮೊದಲ ದಿನವೇ ಬರುತ್ತೇನೆ ಎಂದು ಹೇಳಿ ಕಳಿಸಿದ್ದಳು. ಮಾಲಕರ ಎದುರು ಅದುವರೆಗೆ ಬಾಯಿ ತೆರೆದವಳಲ್ಲ ನಾನು.

"ಆಕಿ ಹೂ ನೋಡಾಕ ಬರಾಕತ್ತಿಲ್ರಿ" ಎಂದೆ. "ಗಿಡ ನೋಡಾಕ ಬರಾಕತ್ತಾಳ. ಬ್ಯಾರೆ ಗಿಡ ನಿಲ್ಸಿದ್ರ ಆಕಿ ಯಾರ್ ಮಾರಿ ನೋಡಬೇಕು?"

ಮೇಡಂ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುದ್ದಲಿ ತಗೊಂಡರು.

ರುಕ್ಸಾನಾ, ಆ ದಿನ ಕಂಡದ್ದನ್ನು ನಾನು ಎಂದೂ ಮರೆಯುವುದಿಲ್ಲ. ಗಿಡವನ್ನು ಗೋಣಿತಟ್ಟಿನ ಮೇಲೆ ಮಲಗಿಸಿ, ನಾನು ಮತ್ತು ಮೇಡಂ ಎದುರುಬದುರು ಕೂತು ಎರೆ ಮಣ್ಣನ್ನು ಬೆರಳಿನಿಂದ ಬಿಡಿಸಿ, ಪೈಪಿನ ತೆಳು ನೀರಿನಿಂದ ತೊಳೆದೆವು. ಕರ್ರಗೆ ಕೊಳೆತ ಬೇರು ಕೈಗೆ ಸಿಕ್ಕರೆ ಸಿಪ್ಪೆಯಂತೆ ಕಳಚುತ್ತಿತ್ತು, ನಾರುತ್ತಿತ್ತು. ಇನ್ನೇನೂ ಉಳಿದಿಲ್ಲ ಎಂದುಕೊಳ್ಳುವಾಗ ಕಾಂಡದ ಕೆಳಗಿನ ಒಂದು ಮಗ್ಗುಲಲ್ಲಿ ಕೆಸರು ಸರಿದು ಬೆಳ್ಳಗೆ ಏನೋ ಹೊಳೆಯಿತು. ದಾರದೆಳೆಯಂಥ ಹೊಸ ಬೇರುಗಳು. ನಾವು ಬೂದಿ ಎಳೆದು, ಅಗೆದು, ಗಲಾಟೆ ಮಾಡಿ, ಕೊಂಬೆಗೆ ಹಲಗೆ ಕಟ್ಟಿದ ದಿನಗಳಲ್ಲೆಲ್ಲ ಅದು ಕತ್ತಲಲ್ಲಿ ತನ್ನ ಕೆಲಸ ತಾನು ಮಾಡುತ್ತಿತ್ತು. ಮೇಡಂ ಪೈಪನ್ನು ಪಕ್ಕಕ್ಕೆ ತಿರುಗಿಸಿ ಹಿಡಿದರು, ಹನಿ ಬಿದ್ದು ನೋಯಬಾರದು ಎನ್ನುವ ಹಾಗೆ. ಕಾಲುವೆ ಕಂಡ ದಿನ ಬಸ್ಸಿನಲ್ಲಿ ಆದಂತೆಯೇ ನನಗೆ ಆಯಿತು. ಇಷ್ಟು ದೊಡ್ಡ ವಿಷಯದ ಮುಂದೆ ನನ್ನನ್ನು ಯಾರು ತಂದು ಕೂರಿಸಿದರು ಎಂದು.

ಪ್ರದರ್ಶನದ ದಿನ ಬೆಳಿಗ್ಗೆ ನಾಲ್ಕು ಕಾಲುವೆಗೆ ನೀರು ಬಿಟ್ಟೆವು. ನಡುವಿನಿಂದ ಹೊರಟ ನೀರು ನಾಲ್ಕೂ ಕಡೆ ಒಂದೇ ವೇಗದಲ್ಲಿ ಹರಿದು ಹೋಯಿತು, ಒಂದು ಹಿಂದಾಗದೆ, ಒಂದು ಮುಂದಾಗದೆ. ಕೊಳವೆ ಹಿಡಿದು ಮಟ್ಟ ನೋಡಿದ ನಮ್ಮ ಮಂದಿ ಉಸಿರು ಬಿಗಿಹಿಡಿದು ನಿಂತಿದ್ದರು. ಭತ್ತದ ತೆನೆ ನೀರಿನಲ್ಲಿ ತನ್ನನ್ನೇ ನೋಡಿಕೊಂಡಿತು. ಅದರ ನಡುವೆ ಬೋಳು ದಾಳಿಂಬೆ, ಕೈಕಾಲು ಕತ್ತರಿಸಿಕೊಂಡು.

ಜನ ಬಂದರು. ಯಾರೂ ನಗಲಿಲ್ಲ. ಬಯಲಿನ ಬೇರೆ ಕಡೆ ಗದ್ದಲ. ನಮ್ಮ ತೋಟಕ್ಕೆ ಕಾಲಿಟ್ಟವರು ಯಾಕೋ ದನಿ ಇಳಿಸುತ್ತಿದ್ದರು. ಚಪ್ಪಲಿ ಹೊರಗೆ ಬಿಡಿ ಎಂದು ನಾವು ಹೇಳಿರಲಿಲ್ಲ, ಬಿಟ್ಟು ಬಂದರು. ಆಮೇಲೆ ಒಬ್ಬ ಹೆಣ್ಣುಮಗಳು ಕಾಲುವೆಯಿಂದ ಬೊಗಸೆ ನೀರು ಎತ್ತಿ ಬೋಳು ಗಿಡದ ಬುಡಕ್ಕೆ ಹೊಯ್ಯಲು ಹೋದಳು. ಅವಳ ಹಿಂದೆ ಇನ್ನೊಬ್ಬಳು. ಅವರ ಹಿಂದೆ ಒಂದು ಸಾಲೇ ನಿಂತಿತು. ಒಳಗೆ ಆ ಬೆಳ್ಳನೆಯ ಬೇರುಗಳು ಆಗಷ್ಟೇ ಗರಸು ಹಿಡಿಯುತ್ತಿದ್ದವು.

ನಾನು ಓಡಿಹೋಗಿ ಗಿಡಕ್ಕೆ ಬೆನ್ನು ಕೊಟ್ಟು ನಿಂತೆ. "ಬ್ಯಾಡ್ರಿ, ಅದಕ್ಕ ಈಗ ನೀರು ಬ್ಯಾಡ್ರಿ. ಮೈ ಸರಿಯಿಲ್ಲ ಅದಕ್ಕ." ಬಂದವರಿಗೆಲ್ಲ ಅದನ್ನೇ ಹೇಳಿದೆ, ಇಡೀ ದಿನ, ದನಿ ಒಡೆಯುವ ತನಕ. ಯಾಕೆ ಎಂದು ಕೇಳಿದವರಿಗೆ ಎರೆ ಮಣ್ಣಿನ ಕಥೆ, ಬೇರಿನ ಕಥೆ ಹೇಳಿದೆ. ಜನ ಬೊಗಸೆಯ ನೀರನ್ನು ಮರಳಿ ಕಾಲುವೆಗೆ ಬಿಟ್ಟು, ಗಿಡಕ್ಕೆ ಕೈ ಮುಗಿದು ಹೋದರು. ಮಲ್ಲಪ್ಪ ಬಂದು ನೋಡಿ, "ರಾಜಮಾ, ಇಷ್ಟು ವರ್ಷದ ಮಾತು ಇವತ್ತ ಖರ್ಚು ಮಾಡಿ ಬಿಡ್ತೀಯೇನು?" ಎಂದ.

ಮಧ್ಯಾಹ್ನ ಗಂಗವ್ವ ಮೊಮ್ಮಗಳ ಹೆಗಲು ಹಿಡಿದು ಬಂದಳು. ಭತ್ತ ನೋಡಲಿಲ್ಲ, ಗಿಳಿ ನೋಡಲಿಲ್ಲ. ನೇರ ಬಂದು ಗಿಡದ ಮುಂದೆ ನಿಂತಳು. ನಾನು ಪಕ್ಕಕ್ಕೆ ಸರಿದೆ. ಆಕೆ ಹೆಬ್ಬೆರಳ ಉಗುರಿನಿಂದ ತೊಗಟೆ ಗೀರಿದಳು. ಒಣ. ಇನ್ನೊಂದು ಕಡೆ ಗೀರಿದಳು. ಒಣ. ಬಗ್ಗಿ ಬುಡದ ಹತ್ತಿರ ಗೀರಿದಳು. ಎಳೆ ಹಸಿರು ಕಂಡಿತು. ಉಗುರು ಮೂಸಿ ನೋಡಿ ನನಗೆಂದಳು, "ಬೋಳಾದ್ರ ಆಗ್ಲಿ. ನಂದ ಐತಿ."

ಪ್ರದರ್ಶನ ಮುಗಿದ ಮೇಲೆ ಗಿಡವನ್ನು ಮಂಗಳೂರಿಗೆ ಒಯ್ದು ಹಿತ್ತಲಲ್ಲಿ ಕಲ್ಲುಚೂರು, ಗರಸು ಹಾಕಿ ನಟ್ಟು ಬಂದೆವು. ಆಮೇಲೆ ಸುದ್ದಿ ಇಲ್ಲ. ಫೋನ್ ಮಾಡಲು ನನಗೆ ಧೈರ್ಯವಿಲ್ಲ. ಬೇಸಿಗೆ ಕಳೆಯಿತು. ಮುಂಗಾರಿನ ಮೊದಲ ಮಳೆ ಬಿದ್ದ ವಾರ ಯಾರಿಗೂ ಹೇಳದೆ, ಚೀಲದಲ್ಲಿ ಸಣ್ಣ ಗರಗಸ ಇಟ್ಟುಕೊಂಡು ಒಬ್ಬಳೇ ಬಸ್ ಹತ್ತಿದೆ.

ಹಿತ್ತಲಿಗೆ ಕಾಲಿಟ್ಟಾಗ ಮೊದಲು ಕಂಡದ್ದು ಒಣಗಿದ ಕಾಂಡ. ಬೆಳ್ಳಗೆ, ಎಲುಬಿನಂತೆ. ನಾನು ಅಲ್ಲೇ ನಿಂತೆ. ಗಂಗವ್ವ ಬಾಗಿಲಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತದೆ ಹೇಳಿದಳು, "ಅಲ್ಲೇ ನಿಂತ್ರ ಏನ್ ಕಾಣ್ತೈತಿ? ಹಿಂದ ಹೋಗಿ ನೋಡು."

ಹಿಂದೆ, ಬುಡದ ಮಗ್ಗುಲಿನಿಂದ, ಬೆಳ್ಳನೆಯ ಬೇರುಗಳಿದ್ದ ಕಡೆಯಿಂದಲೇ, ಕೆಂಪು ಚಿಗುರಿನ ಹೊಸ ಕೊಂಬೆಗಳ ಒಂದು ಗುಂಪು ನನ್ನ ಮೊಣಕಾಲಿನ ಎತ್ತರಕ್ಕೆ ಎದ್ದು ನಿಂತಿತ್ತು. ನಾನು ಅಲ್ಲೇ ಕೂತುಬಿಟ್ಟೆ.

"ಸತ್ತಿಲ್ಲ ತಂಗಿ" ಎಂದಳು ಗಂಗವ್ವ. "ಮಗ್ಗಲು ಬದಲ್ಸೈತಿ."

ಒಣ ಕಾಂಡ ಹಾಗೇ ಬಿಟ್ಟರೆ ಹುಳ ಹತ್ತುತ್ತದೆ, ಕೊಯ್ಯಬೇಕು ಎಂದು ಹೇಗೆ ಹೇಳುವುದೆಂದು ನಾನು ಒದ್ದಾಡುತ್ತಿದ್ದೆ. ಆಕೆಯೇ ಎದ್ದು ಬಂದು ಚೀಲದಿಂದ ಹೊರಗೆ ಕಾಣುತ್ತಿದ್ದ ಗರಗಸದ ಹಿಡಿಯನ್ನು ನೋಡಿದಳು. ಕಾಂಡವನ್ನು ಎರಡೂ ಕೈಯಲ್ಲಿ ಹಿಡಿದು ನಿಂತು, ನೀ ಕೊಯ್ಯಿ ಎಂದಳು. ನಾನು ಕೊಯ್ದೆ. ಚಿಗುರಿಗೆ ತಾಗದಂತೆ ಆಕೆ ಅದನ್ನು ನಿಧಾನವಾಗಿ ಹೊರಗೆ ವಾಲಿಸಿ ಮಲಗಿಸಿದಳು. ಆಮೇಲೆ ಅದನ್ನೇ ತುಂಡು ಮಾಡಿಸಿ, ಒಲೆಗೆ ಇಟ್ಟು, ಚಹಾ ಕಾಸಿದಳು. ಒಣಗಿದ ದಾಳಿಂಬೆ ಕಟ್ಟಿಗೆ ಹೊಗೆ ಇಲ್ಲದೆ ಉರಿಯಿತು. ನಾವಿಬ್ಬರೂ ಹಿತ್ತಲ ಬಾಗಿಲಲ್ಲಿ ಕೂತು, ಚಿಗುರು ನೋಡುತ್ತ, ಬಿಸಿ ಬಿಸಿ ಚಹಾ ಕುಡಿದೆವು.